ಹಳೆಯ ಲಾರಿಯ ಮುಂಗಾಜು

ಲಾರಿಯೊಂದು ಎದುರಿಗೆ ಬಂದಾಗ ನಾವು ಏನೆಲ್ಲವನ್ನು ನೋಡುತ್ತೇವೆ! ಹಣೆಯ ಮೇಲೆ ಬರೆಸಿದ ಮನೆದೇವರ ಹೆಸರು, ಮಗ್ಗುಲಿಗೆ ಬಿಡಿಸಿದ ನವಿಲು, ಬಂಪರಿಗೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ, ಹಿಂದುಗಡೆಯ ಹಲಗೆಯ ಮೇಲಿನ ಉಪದೇಶ. ಗಾಜನ್ನು ಮಾತ್ರ ಯಾರೂ ನೋಡುವುದಿಲ್ಲ. ಅದನ್ನು ನೋಡಲಿಕ್ಕೆಂದು ಮಾಡಿದ್ದೂ ಅಲ್ಲ, ಅದರ ಮೂಲಕ ನೋಡಲಿಕ್ಕೆಂದು ಮಾಡಿದ್ದು. ಗಾಜು ತಾನಾಗಿ ಕಣ್ಣಿಗೆ ಬಿತ್ತೆಂದರೆ ಅದು ಸೀಳಿದೆ, ಇಲ್ಲವೆ ಮಂಕಾಗಿದೆ ಎಂದೇ ತಿಳಿಯಬೇಕು.

ಇದಕ್ಕೆ ಕನ್ನಡದಲ್ಲಿ ನೆಲೆಯಾದ ಹೆಸರೊಂದು ಇನ್ನೂ ಹುಟ್ಟಿಲ್ಲ. ಪತ್ರಿಕೆಗಳು 'ಮುಂಭಾಗದ ಗಾಜು' ಎನ್ನುತ್ತವೆ. ಓದಿದವರು 'ವಿಂಡ್‌ಶೀಲ್ಡ್' ಎನ್ನುತ್ತಾರೆ. ಬೆಳಗಾವಿಯ ಗ್ಯಾರೇಜುಗಳಲ್ಲಿ ಅದು 'ಮುಂದಿನ ಕಾಚು'. ಈ 'ಕಾಚು' ಮರಾಠಿ ಹಿಂದಿಗಳ ದಾರಿಯಿಂದ ಬಂದದ್ದೆಂದು ಮೂಗು ಮುರಿಯುವವರುಂಟು. ಆದರೆ ಸಂಸ್ಕೃತದ 'ಕಾಚ'ವೇ ನಮ್ಮಲ್ಲಿ 'ಗಾಜು' ಆಯಿತೆಂದು ತದ್ಭವಗಳ ಪಟ್ಟಿ ಹೇಳುತ್ತದೆ. ಅಂದಮೇಲೆ ಅಣ್ಣತಮ್ಮಂದಿರಲ್ಲಿ ಜಗಳವೇಕೆ? ಈ ಲೇಖನದ ಮಟ್ಟಿಗೆ ನಾನು 'ಮುಂಗಾಜು' ಎಂದು ಬರೆಯುತ್ತೇನೆ.

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರು. ಹಿಂದೆ 4ಎ ಎಂದೂ ಈಗ 748 ಎಂದೂ ಕರೆಯಲ್ಪಡುವ ಈ ಹೆದ್ದಾರಿಯು ಉದ್ಯಮಬಾಗದ ಎರಕದ ಕಾರ್ಖಾನೆಗಳನ್ನು ಬಳಸಿಕೊಂಡು, ಪೀರನವಾಡಿ ಮಚ್ಛೆಗಳನ್ನು ದಾಟಿ, ಮಲಪ್ರಭೆಯ ದಡದ ಖಾನಾಪುರವನ್ನು ಸೇರುತ್ತದೆ. ಅಲ್ಲಿಂದ ಮುಂದೆ ಲೋಂಡಾ, ರಾಮನಗರ. ಆಮೇಲೆ ಅನಮೋಡ ಘಾಟಿನ ಇಳಿಜಾರು, ಗೋವೆ. ಬೆಳಗಾವಿಯ ಕಡೆ ಬಯಲು, ಖಾನಾಪುರದಾಚೆ ಕಾಡು. ಮಳೆಯೂ ಹಾಗೆಯೇ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ ಹೋದಂತೆ ಅದು ಸುರಿಯುವ ಬಗೆಯೇ ಬೇರೆ. ಹೆಂಚು, ಇಟ್ಟಿಗೆ, ಮಡಕೆಗಳ ಊರಾದ ಖಾನಾಪುರದಿಂದ ಸರಕು ಹೊತ್ತು ಬರುವ ಲಾರಿಗೆ ವರ್ಷದಲ್ಲಿ ನಾಲ್ಕು ತಿಂಗಳು ಮುಂಗಾಜೇ ಮುಖ್ಯ ಯಂತ್ರವೆಂದರೆ ಅತಿಶಯೋಕ್ತಿಯಲ್ಲ.

ಈ ದಾರಿಯಲ್ಲಿ ಎಂತೆಂತಹ ಲಾರಿಗಳು ಓಡಿದುವು! ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆಯವರು ಹರಾಜು ಹಾಕಿದ ಮಿಲಿಟರಿ ಲಾರಿಗಳು ನಾಡಿನ ಎಲ್ಲೆಡೆ ಖಾಸಗಿಯವರ ಕೈಸೇರಿದುವು. ಮುಂಬಯಿಯ ಪ್ರೀಮಿಯರ್ ಕಾರ್ಖಾನೆಯ ಡಾಜ್ ಮತ್ತು ಫಾರ್ಗೊ, ಹಿಂದೂಸ್ತಾನ್ ಮೋಟಾರ್ಸಿನ ಬೆಡ್‌ಫೋರ್ಡ್, ಮದರಾಸಿನ ಲೇಲ್ಯಾಂಡ್ ಕಾಮೆಟ್ ಬಂದುವು. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್–ಬೆಂಝ್ ಸಂಸ್ಥೆಯೊಡನೆ ಕೂಡಿ ಜಮಶೇಡಪುರದಲ್ಲಿ ಲಾರಿ ಕಟ್ಟತೊಡಗಿದರು. ಆ ಒಪ್ಪಂದ ನಡೆದದ್ದು 15 ವರ್ಷ. 1969ರವರೆಗೆ ಆ ಲಾರಿಗಳ ಮೂತಿಯ ಮೇಲೆ ಮೂರು ಮೊನೆಯ ನಕ್ಷತ್ರವಿತ್ತು. ಆಮೇಲೆ ಟಾಟಾದವರ 'ಟಿ' ಬಂತು. ಹಳಬರು ಈಗಲೂ 'ಬೆಂಝ್ ಲಾರಿ' ಎನ್ನುವಾಗ ದನಿಯಲ್ಲಿ ಒಂದು ತೂಕ ಬರುತ್ತದೆ. 1955ರಿಂದ ಗೋವೆಯ ಮೇಲೆ ಭಾರತ ಹೇರಿದ್ದ ಆರ್ಥಿಕ ದಿಗ್ಬಂಧನದ ಕಾಲದಲ್ಲಿ ಈ ದಾರಿಯ ಗೋವೆಯ ಬಾಗಿಲು ಮುಚ್ಚಿತ್ತು. 1961ರ ಡಿಸೆಂಬರಿನಲ್ಲಿ ಸೇನೆಯ ಒಂದು ದಳವು ಇದೇ ಅನಮೋಡದ ಕಡೆಯಿಂದ ಗೋವೆಗೆ ಇಳಿದ ಮೇಲೆ ಅದು ತೆರೆಯಿತು.

ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಅಂದಿನ ಲಾರಿಯು ಕಾರ್ಖಾನೆಯಿಂದ ಇಡಿಯಾಗಿ ಬರುತ್ತಿರಲಿಲ್ಲ. ಬಹುಮಟ್ಟಿಗೆ ಬರುತ್ತಿದ್ದುದು ಚಾಸಿ, ಎಂಜಿನು, ಮುಂದಿನ ಮೂತಿ ಇಷ್ಟೇ. ಚಾಲಕ ಕೂಡುವ ಕೋಣೆಯನ್ನು ಊರಿನ ಬಡಗಿಗಳೂ ತಗಡಿನ ಕೆಲಸದವರೂ ಸೇರಿ ಕಟ್ಟುತ್ತಿದ್ದರು: ಮರದ ಕಂಬ, ಮೇಲೆ ತಗಡಿನ ಹೊದಿಕೆ. ಬಾಗಿದ ಗಾಜನ್ನು ಅವರೆಲ್ಲಿಂದ ತಂದಾರು? ಎರಡು ಚಪ್ಪಟೆ ಗಾಜು, ನಡುವೆ ಒಂದು ಕಂಬ, ಮುಂಗಾಜೆಂದರೆ ಅಷ್ಟೆ. ಬಡತನದ ಈ ಉಪಾಯವೇ ಇಂದು ಆ ಲಾರಿಗಳ ಭಾಗ್ಯವಾಗಿದೆ. ಏಕೆಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮುನ್ನ ಗಾಜಿನ ಜಾತಿಗಳ ಮಾತು.

ಮೋಟಾರು ಹುಟ್ಟಿದ ಹೊಸತರಲ್ಲಿ ಮುಂಗಾಜೇ ಇರಲಿಲ್ಲ. ಧೂಳಿಗೆ ಕನ್ನಡಕವೇ ಗತಿ. ಆಮೇಲೆ ಕಿಟಕಿಗೆ ಹಾಕುವ ಗಾಜನ್ನೇ ತಂದು ನಿಲ್ಲಿಸಿದರು. ಗಾಳಿ ತಡೆಯಿತು, ನಿಜ. ಆದರೆ ಡಿಕ್ಕಿಯಾದಾಗ ಅದೇ ಗಾಜು ಕತ್ತಿಯಾಗಿ ಮುಖ ಕೊರಳುಗಳನ್ನು ಸೀಳಿತು. ಇದಕ್ಕೆ ಪರಿಹಾರ ದೊರೆತ ಕಥೆಯನ್ನು ಬಹಳ ಜನ ಹೇಳುತ್ತಾರೆ. ಫ್ರಾನ್ಸಿನಲ್ಲಿ ಎಡ್ವಾರ್ಡ್ ಬೆನೆಡಿಕ್ಟಸ್ ಎಂಬ ಚಿತ್ರಕಾರನೂ ರಸಾಯನಜ್ಞನೂ ಆದವನೊಬ್ಬನಿದ್ದ. 1903ರಲ್ಲಿ ಅವನ ಪ್ರಯೋಗಶಾಲೆಯ ಅಟ್ಟದಿಂದ ಒಂದು ಗಾಜಿನ ಕುಪ್ಪಿ ಕೆಳಗೆ ಬಿತ್ತಂತೆ. ಮೈತುಂಬ ಬಿರುಕು, ಆದರೆ ಚೂರುಗಳು ಒಂದನ್ನೊಂದು ಬಿಡಲಿಲ್ಲ. ನೋಡಿದರೆ, ಒಳಗೆ ಎಂದೋ ಇಟ್ಟಿದ್ದ ದ್ರಾವಣವು ಆರಿ ತೆಳುವಾದ ಪೊರೆಯಾಗಿ ಅಂಟಿಕೊಂಡಿತ್ತು. ಎರಡು ಗಾಜುಗಳ ನಡುವೆ ಸೆಲ್ಯುಲಾಯಿಡ್ ಹಾಳೆಯನ್ನಿಟ್ಟು ಒತ್ತಿದ ಗಾಜಿಗೆ ಅವನು 1909ರಲ್ಲಿ ಪೇಟೆಂಟು ಪಡೆದ. ಮೊದಲ ಮಹಾಯುದ್ಧದಲ್ಲಿ ಸೈನಿಕರ ವಿಷಾನಿಲದ ಮುಖವಾಡಗಳಲ್ಲಿ ಅದು ಕೆಲಸಕ್ಕೆ ಬಂತು. 1927ರ ಕೊನೆಗೆ ಬಂದ ಫೋರ್ಡರ 'ಮಾಡೆಲ್ ಎ' ಕಾರಿನ ಮುಂಗಾಜಾಗಿ ಸಾಮಾನ್ಯರ ಬಳಿಗೂ ಬಂತು. ಇದೇ ಪದರಗಾಜು, ಗ್ಯಾರೇಜಿನವರ 'ಲ್ಯಾಮಿನೇಟೆಡ್'. ಸೆಲ್ಯುಲಾಯಿಡಿಗೆ ಒಂದು ಕೆಟ್ಟ ಗುಣವಿತ್ತು: ಬಿಸಿಲಿಗೆ ಅರಿಸಿನ ಬಣ್ಣಕ್ಕೆ ತಿರುಗುತ್ತಿತ್ತು. ಆದುದರಿಂದ 1930ರ ದಶಕದ ಕೊನೆಯಿಂದ ಪಾಲಿವಿನೈಲ್ ಬ್ಯುಟಿರಲ್ ಎಂಬ ಪೊರೆ ಅದರ ಸ್ಥಾನಕ್ಕೆ ಬಂದು ಇಂದಿಗೂ ಉಳಿದಿದೆ. ಈಗ ಅದರ ದಪ್ಪ ಸಾಮಾನ್ಯವಾಗಿ 0.76 ಮಿಲಿಮೀಟರು, ಒಂದು ಮಿಲಿಮೀಟರಿನಷ್ಟೂ ಇಲ್ಲ. ಆದರೆ ತಲೆಯೊಂದು ಗಾಜನ್ನು ಭೇದಿಸಿ ಹೊರಗೆ ಹೋಗದಂತೆ ತಡೆಯುವುದು ಆ ಪೊರೆಯೇ.

ಇನ್ನೊಂದು ಜಾತಿ ಹದಗಾಜು, ಅಂದರೆ 'ಟಫನ್ಡ್'. ಗಾಜನ್ನು ಕೆಂಪಗೆ ಕಾಯಿಸಿ ತಣ್ಣನೆಯ ಗಾಳಿಯನ್ನು ರಭಸದಿಂದ ಊದುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಗು ಆಮೇಲೆ ತಣಿಯುತ್ತ ಹೊರಮೈಯನ್ನು ಒಳಕ್ಕೆ ಜಗ್ಗುತ್ತದೆ. ಹೀಗೆ ಬಿಗಿದು ನಿಂತ ಗಾಜಿಗೆ ಬಲ ಹೆಚ್ಚು, ಮುರಿದರೂ ಕತ್ತಿಯಲಗಾಗದೆ ಜೋಳದ ಕಾಳಿನಂತೆ ಉದುರುತ್ತದೆ. ಯೂರೋಪಿನವರು 17ನೆಯ ಶತಮಾನದಲ್ಲಿಯೇ ಕಾದ ಗಾಜಿನ ಹನಿಯನ್ನು ನೀರಿಗೆ ಬಿಟ್ಟು ಈ ಸೋಜಿಗವನ್ನು ಕಂಡಿದ್ದರು. ಆ ಹನಿಯ ತಲೆಯನ್ನು ಸುತ್ತಿಗೆಯಿಂದ ಬಡಿದರೂ ಒಡೆಯದು, ಬಾಲವನ್ನು ಚಿವುಟಿದರೆ ಇಡಿಯ ಹನಿ ಪುಡಿ! ಲಾರಿಯ ಮುಂಗಾಜಿಗೆ ಇದನ್ನು ಬಹುಕಾಲ ಹಾಕುತ್ತಿದ್ದರು. ಆದರೆ ಬಾಲ ಚಿವುಟಿದ ಹನಿಯ ದೋಷ ಇದಕ್ಕೂ ಉಂಟು. ಒಂದು ಸಣ್ಣ ಕಲ್ಲು ಸರಿಯಾದ ಜಾಗಕ್ಕೆ ತಗುಲಿದರೆ ಇಡಿಯ ಗಾಜು ಕ್ಷಣಮಾತ್ರದಲ್ಲಿ ಬೆಳ್ಳಗೆ ಹೆಪ್ಪುಗಟ್ಟಿದಂತಾಗಿ ಮುಂದಿನ ದಾರಿಯೇ ಕಾಣದು. ಆಗ ಮುಷ್ಟಿಯಿಂದ ಗುದ್ದಿ ತೂತು ಮಾಡಿಕೊಂಡು ನೋಡುವುದು ಹಳೆಯ ಚಾಲಕರ ಪದ್ಧತಿ. ಬಯಲಿನಲ್ಲಿ ಅದಕ್ಕೆ ಸಮಯವಿದ್ದೀತು. ರಾತ್ರಿಯ ಹೊತ್ತು, ಭಾರ ಹೊತ್ತು, ಅನಮೋಡದ ತಿರುವಿನಲ್ಲಿ?

ಈ ಪ್ರಶ್ನೆ ನನಗೆ ಹೊಳೆದದ್ದು ಪುಸ್ತಕದಿಂದಲ್ಲ. ನನ್ನ ಸಹೋದ್ಯೋಗಿಯೊಬ್ಬರು ಖಾನಾಪುರದವರು. ಅವರ ತಂದೆ 1960ರ ದಶಕದಲ್ಲಿ ಕೊಂಡ ನಕ್ಷತ್ರದ ಲಾರಿ ಇನ್ನೂ ಮನೆಯಲ್ಲಿದೆ. ಮರದ ಕೋಣೆ, ಎರಡು ಚಪ್ಪಟೆ ಗಾಜು. ತಂದೆ ತೀರಿದ ಮೇಲೆ ತಮ್ಮ ಅದನ್ನು ನಡೆಸುತ್ತಾನೆ. ಹೆಂಚು, ಇಟ್ಟಿಗೆ, ಹತ್ತಿರದ ಬಾಡಿಗೆ. ಒಮ್ಮೊಮ್ಮೆ ಘಾಟಿನ ಕೆಳಗೂ ಹೋಗುವುದುಂಟು. ಕಳೆದ ಮಳೆಗಾಲಕ್ಕೆ ಮುನ್ನ ಚಾಲಕನ ಕಡೆಯ ಗಾಜು ಸೀಳಿತು. ಅಣ್ಣನಿಗೆ ಗುಜರಿಗೆ ಕೊಟ್ಟು ಕೈತೊಳೆದುಕೊಳ್ಳುವ ಮನಸ್ಸು, ತಮ್ಮನಿಗೆ ಹೇಗಾದರೂ ಓಡಿಸುವ ಹಟ. ಬೆಳಗಾವಿಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, "ಕಿಟಕಿ ಗಾಜು ಐತಲ್ಲರೀ, ಐದು ಮಿಲಿಮೀಟರಿಂದು. ಅಳತಿ ಕೊಡ್ರಿ, ಈಗ ಕೊಯ್ದು ಕೊಡತೀನಿ" ಎಂಬ ಉತ್ತರ ಬಂತು. ಬೆಲೆಯೂ ಎಷ್ಟೋ ಕಡಿಮೆ. ತಮ್ಮ ಒಪ್ಪಿಯೇ ಬಿಟ್ಟಿದ್ದ.

ಅವರ ತಾಯಿ ಒಳಗಿನಿಂದ ಬಂದು ಕೇಳಿದರು: "ಮನೀ ಕಿಟಕಿ ಗಾಜ ಒಡದರ ಏನ ಆಕ್ಕೈತಿ?"

"ಚೂರ ಆಕ್ಕೈತಿ, ಅವ್ವಾ."

"ಲಾರಿದೂ ಹಂಗ ಆದರ ಚೂರ ಯಾರ ಮಾರೀಗೆ ಬೀಳತಾವು? ಬ್ಯಾರೆ ಎಲ್ಲೆರ ರೊಕ್ಕ ಉಳಸ್ರಿ. ಅಲ್ಲಿ ಬ್ಯಾಡ."

ಬೆನೆಡಿಕ್ಟಸನ ಹೆಸರನ್ನು ಕೇಳದ ಆ ತಾಯಿಯ ಮಾತಿನ ಮೇಲೆ ಸಹೋದ್ಯೋಗಿಗಳೂ ಅವರ ತಮ್ಮನೂ, ಕುತೂಹಲಕ್ಕಾಗಿ ನಾನೂ, ಬೆಳಗಾವಿಯ ಒಬ್ಬ ಹಿರಿಯ ಗಾಜಿನ ಕೆಲಸಗಾರರನ್ನು ಕಾಣಹೋದೆವು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಾರೆ. ಅವರು ಗಾಜಿನ ಅಳತೆ ಕೇಳಲಿಲ್ಲ. ಕೇಳಿದ್ದು ಒಂದೇ: "ಸೀಳು ಎಲ್ಲಿಂದ ಚಾಲೂ ಆಗೈತಿ, ಸಾವಕಾರ?"

ಕಲ್ಲು ಬಡಿದ ಗಾಜಿನಲ್ಲಿ ನಕ್ಷತ್ರದಂತಹ ಗುರುತಿರುತ್ತದೆ, ಬಿರುಕುಗಳು ಅಲ್ಲಿಂದ ಹರಡುತ್ತವೆ. ಮೂಲೆಯಿಂದ ಹೊರಟು ಬಿಲ್ಲಿನಂತೆ ಮೇಲಕ್ಕೇರಿದ ಸೀಳಿಗೆ ಕಲ್ಲು ಕಾರಣವಲ್ಲ. ಚೌಕಟ್ಟು ಎಲ್ಲಿಯೋ ಗಾಜನ್ನು ಹಿಂಡುತ್ತಿದೆ. ಈ ಲಾರಿಯದು ಕೆಳಮೂಲೆಯ ಸೀಳು. ಉಸ್ತಾದರು ಖಾನಾಪುರಕ್ಕೆ ಬಂದು, ಹಳೆಯ ರಬ್ಬರನ್ನು ಚಾಕುವಿನಿಂದ ಸೀಳಿ ಗಾಜನ್ನು ಇಳಿಸಿದಾಗ ಗುಟ್ಟು ಬಯಲಾಯಿತು. ರಬ್ಬರು ಒಣಗಿ ಬಿರಿದಿತ್ತು. ವರ್ಷವರ್ಷದ ಮಳೆಯ ನೀರು ಅದರಡಿ ಇಳಿದು ತಗಡಿನ ಅಂಚನ್ನು ತುಕ್ಕಿನಿಂದ ಉಬ್ಬಿಸಿತ್ತು. ಒಳಗಿನ ಕಂಬದ ಬುಡ ಬೆರಳಿನಿಂದ ಒತ್ತಿದರೆ ಕುಸಿಯುವಂತಿತ್ತು. ಕಂಬ ತಗ್ಗಿದಾಗ ಚೌಕ ಓರೆಯಾಗಿ ಗಾಜಿನ ಮೂಲೆಯ ಮೇಲೆ ಭಾರ ಬಿದ್ದಿತ್ತು. "ಹೊಸಾ ಗಾಜು ಇವತ್ತ ಹಾಕ್ರಿ, ಮುಂದಿನ ತಿಂಗಳ ಮತ್ತ ನನ್ನ ಹುಡುಕ್ಕೋಂತ ಬರತೀರಿ" ಎಂದರು ಉಸ್ತಾದರು. ಮೊದಲು ಬಡಗಿ ಬಂದ. ಕಂಬದ ಬುಡವನ್ನು ಕೊಯ್ದು ಸಾಗವಾನಿಯ ತುಂಡು ಕೂಡಿಸಿದ. ಆಮೇಲೆ ತಗಡಿನವನು ತುಕ್ಕು ಕೆರೆದು, ಅಂಚನ್ನು ತಟ್ಟಿ ಸಮ ಮಾಡಿ, ತುಕ್ಕು ತಡೆಯುವ ಬಣ್ಣ ಬಳಿದ. ಗಾಜಿನ ಕೆಲಸದಲ್ಲಿ ಹೆಚ್ಚಿನ ದಿನಗಳು ಗಾಜಿಲ್ಲದೆಯೇ ಕಳೆದುವು.

ಚಪ್ಪಟೆ ಗಾಜಿನ ಭಾಗ್ಯವೆಂದು ಹೇಳಿದೆನಲ್ಲ, ಅದನ್ನು ಈಗ ವಿವರಿಸುತ್ತೇನೆ. ಹದಗಾಜನ್ನು ಮಾಡಿಯಾದ ಮೇಲೆ ಕೊಯ್ಯುವಂತಿಲ್ಲ. ಕಟರು ಆಳಕ್ಕೆ ಇಳಿದೊಡನೆ ಅದು ಪುಡಿಯಾಗುತ್ತದೆ. ಮೊದಲೇ ಅಳತೆಗೆ ಕೊಯ್ದು ಆಮೇಲೆ ಕುಲುಮೆಗೆ ಹಾಕಬೇಕು. ಬಾಗಿದ ಮುಂಗಾಜಿಗೆ ಅಚ್ಚು ಬೇಕು; ಬಹುಕಾಲ ತಯಾರಾದ ಮಾದರಿಗಳಿಗೆ ಅದು ದೊರೆಯುತ್ತದೆ, ಉಳಿದವಕ್ಕೆ ಹಳೆಯ ಸಾಮಾನಿನ ರಾಶಿಗಳಲ್ಲಿ ಹುಡುಕಾಟವೇ. ಚಪ್ಪಟೆಯ ಪದರಗಾಜನ್ನಾದರೋ ಊರಿನಲ್ಲಿಯೇ, ಕೈಯಿಂದಲೇ, ಬೇಕಾದ ಆಕಾರಕ್ಕೆ ಕೊಯ್ಯಬಹುದು. ಅತ್ಯುತ್ತಮವಾದ ಗಾಜೇ ಅತಿ ಸುಲಭವಾಗಿಯೂ ಹೊಂದುವುದು ಲೋಕದಲ್ಲಿ ಅಪರೂಪ; ಹಳೆಯ ಲಾರಿಗೆ ಆ ಅಪರೂಪ ಒದಗಿದೆ.

ಗಾಜಿಲ್ಲದ ಲಾರಿಯನ್ನು ಮಳೆಯಲ್ಲಿ ಬೆಳಗಾವಿಗೆ ಒಯ್ಯಲಾದೀತೆ? ಉಸ್ತಾದರು ದಪ್ಪ ರಟ್ಟನ್ನು ಚೌಕಟ್ಟಿಗೆ ಹಿಡಿದು, ರಬ್ಬರಿನ ದಪ್ಪಕ್ಕೆಂದು ಸುತ್ತಲೂ ಕೆಲವು ಮಿಲಿಮೀಟರು ಬಿಟ್ಟು ಮಾದರಿ ಕೊಯ್ದರು. "ಗಾಜಿಗೆ ಉಸಿರಾಡಾಕ ಜಾಗಾ ಬೇಕು" ಎಂದು ಅವರ ವಿವರಣೆ. ಕರಾರುವಾಕ್ಕಾಗಿ ಕೊಯ್ದ ಗಾಜೇ ಮೊದಲು ಸೀಳುವುದಂತೆ. ಈ ರಟ್ಟಿನ ಮಾದರಿ ಬಸ್ಸಿನಲ್ಲಿ ಬೆಳಗಾವಿಗೆ ಪ್ರಯಾಣ ಮಾಡಿತು.

ಪದರಗಾಜನ್ನು ಕೊಯ್ಯುವುದನ್ನು ನಾನು ನೋಡಿದ್ದು ಅದೇ ಮೊದಲು. ಕಂಬಳಿ ಹಾಸಿದ ಮೇಜಿನ ಮೇಲೆ ಗಾಜನ್ನಿಟ್ಟು, ರಟ್ಟಿನ ಅಂಚಿನುದ್ದಕ್ಕೂ ಕಟರಿನಿಂದ ಒಂದೇ ಗೀರು. ಎರಡನೆಯ ಸಲ ಎಳೆಯಬಾರದು. ಅಡಿಯಿಂದ ಮೆಲ್ಲಗೆ ತಟ್ಟಿದಾಗ ಮೇಲಿನ ಗಾಜು 'ಟಿಕ್' ಎಂದು ಗೀರಿನಗುಂಟ ಬಿಟ್ಟಿತು. ಮಗುಚಿ ಹಾಕಿ, ಕೂದಲೆಳೆಯೂ ಆಚೀಚೆಯಾಗದಂತೆ ಇನ್ನೊಂದು ಮೈಗೂ ಗೀರು. ಈಗ ಎರಡು ಗಾಜುಗಳೂ ಬೇರೆಯಾದರೂ ನಡುವಿನ ಪೊರೆ ಬಿಡದು. ಗೀರಿನೊಳಗೆ ಸ್ವಲ್ಪ ಸ್ಪಿರಿಟ್ ಸುರಿದು ಕಡ್ಡಿ ಗೀರಿದರು. ನೀಲಿ ಜ್ವಾಲೆ ಗೆರೆಯುದ್ದಕ್ಕೂ ಓಡಿ ಆರಿತು. ಮೆತ್ತಗಾದ ಪೊರೆಯನ್ನು ತುಸು ಜಗ್ಗಿ, ತೆಳುವಾದ ಬ್ಲೇಡಿನಿಂದ ಕೊಯ್ದರು. ಕೊನೆಗೆ ಅಂಚನ್ನು ಸಾಣೆಕಲ್ಲಿಗೆ ಹಿಡಿದು ನಯ ಮಾಡಿದರು. ಅಂಚಿನಲ್ಲಿ ಉಳಿದ ಸಣ್ಣ ಚಕ್ಕೆಯೇ ನಾಳೆಯ ಸೀಳಿನ ಬೀಜ. ಮೂಲೆಯಲ್ಲಿದ್ದ ಐ.ಎಸ್. 2553 ಎಂಬ ಗುರುತು ಉಳಿಯುವಂತೆ ಮಾದರಿಯನ್ನು ಇಟ್ಟಿದ್ದರು. ಮೋಟಾರು ಗಾಜಿಗೆ ಭಾರತೀಯ ಮಾನಕವು ಅದೇ. ಕೊಳ್ಳುವವರು ಮೊದಲು ಹುಡುಕಬೇಕಾದದ್ದು ಆ ಸಣ್ಣ ಅಕ್ಷರಗಳನ್ನು.

ಗಾಜು ಟೆಂಪೋದಲ್ಲಿ ಖಾನಾಪುರಕ್ಕೆ ಹೋಯಿತು, ಕಂಬಳಿ ಸುತ್ತಿ, ನಿಲ್ಲಿಸಿಕೊಂಡು. ಗಾಜನ್ನು ಮಲಗಿಸಿ ಒಯ್ದರೆ ರಸ್ತೆಯ ಒಂದೊಂದು ತಗ್ಗೂ ಅದರ ನಡುವನ್ನು ಮುರಿಯಲು ನೋಡುತ್ತದೆ.

ಕೂಡಿಸುವ ಕೆಲಸಕ್ಕೆ ಬಲ ಬೇಕೆಂದು ನಾನೆಣಿಸಿದ್ದೆ. ಬೇಕಾದದ್ದು ಒಂದು ಹುರಿ. ಹೊಸ ರಬ್ಬರಿಗೆ ಎರಡು ಸೀಳುಗಾಲುವೆಗಳಿರುತ್ತವೆ, ಒಂದರಲ್ಲಿ ಗಾಜು, ಇನ್ನೊಂದರಲ್ಲಿ ಲಾರಿಯ ಅಂಚು. ಮೊದಲು ಗಾಜಿನ ಸುತ್ತ ರಬ್ಬರನ್ನು ತೊಡಿಸುತ್ತಾರೆ. ಎರಡನೆಯ ಕಾಲುವೆಯಲ್ಲಿ ಗಟ್ಟಿ ಹುರಿಯನ್ನು ಸುತ್ತಲೂ ಹುದುಗಿಸಿ ಅದರ ಎರಡು ತುದಿಗಳನ್ನು ಕೆಳಗಿನ ನಡುಭಾಗದಲ್ಲಿ ಹೊರಗೆ ಬಿಡುತ್ತಾರೆ. ಸಾಬೂನಿನ ನೀರು ಹಚ್ಚಿ, ಹೊರಗಿನಿಂದ ಗಾಜನ್ನು ಚೌಕಕ್ಕೆ ಒತ್ತಿ ಹಿಡಿಯಬೇಕು. ಹುರಿಯ ತುದಿಗಳು ಕೋಣೆಯೊಳಗೆ. ಉಸ್ತಾದರು ಒಳಗೆ ಕೂತು ಹುರಿಯನ್ನು ಮೆಲ್ಲಗೆ ಎಳೆಯುತ್ತ ಹೋದರು. ಹುರಿ ಬಿಚ್ಚಿಕೊಂಡಂತೆ ರಬ್ಬರಿನ ತುಟಿಯು ತಗಡಿನ ಅಂಚನ್ನು ದಾಟಿ ಒಳಗೆ ಬಂದು ಕೂಡುತ್ತದೆ. ಹೊರಗೆ ನಿಂತ ತಮ್ಮ, ಹುರಿ ಎಲ್ಲಿ ಬಂತೋ ಅಲ್ಲಿಯೇ ಅಂಗೈಯಿಂದ ತಟ್ಟುತ್ತಿದ್ದ. "ಗುದ್ದಬ್ಯಾಡೋ ತಮ್ಮಾ, ಜೋಗುಳ ಹಾಡೂ ಹಂಗ ತಟ್ಟು" ಎಂದು ಒಳಗಿನಿಂದ ಅಪ್ಪಣೆ. ಸುಮಾರು ಇಪ್ಪತ್ತು ನಿಮಿಷದಲ್ಲಿ ಹುರಿ ಪೂರ್ತಿಯಾಗಿ ಉಸ್ತಾದರ ಮಡಿಲಿಗೆ ಬಂತು. ಆಮೇಲೆ ರಬ್ಬರನ್ನು ಬಿಗಿಯುವ ಪಟ್ಟಿ, ಅಂಚಿಗೆ ನೀರು ತಡೆಯುವ ಅಂಟು, ಮೇಲೆ ಕೊಡಗಟ್ಟಲೆ ನೀರು ಸುರಿದು ಪರೀಕ್ಷೆ. ತಾಯಿ ಕೋಣೆಯೊಳಗೆ ಕೈಯಾಡಿಸಿ ನೋಡಿದರು. ಕೈ ಒಣಗಿತ್ತು.

ಮುಂಗಾಜು ಹೊಸದಾದರೆ ಒರೆಸುಗೋಲಿನ ರಬ್ಬರೂ ಹೊಸದಾಗಬೇಕು. ಹಳೆಯದರಲ್ಲಿ ಸಿಕ್ಕ ಮರಳು ಹೊಸ ಗಾಜಿನ ಮೇಲೆ ಮೊದಲ ದಿನವೇ ಕಮಾನು ಗೀಚುತ್ತದೆ. ಪೆಟ್ರೋಲಿನ ಹಳೆಯ ಲಾರಿಗಳಲ್ಲಿ ಎಂಜಿನ್ನಿನ ಸೆಳೆತದಿಂದಲೇ ಓಡುವ ಒರೆಸುಗೋಲಿರುತ್ತಿತ್ತು. ಏರು ಬಂದು ಎಂಜಿನ್ನಿಗೆ ಪೂರ್ತಿ ಗಾಳಿ ಕೊಟ್ಟೊಡನೆ ಆ ಸೆಳೆತ ಕುಗ್ಗಿ ಒರೆಸುಗೋಲು ನಿಂತೇಬಿಡುತ್ತಿತ್ತು. ಘಾಟಿನ ಮಳೆಯಲ್ಲಿ ಅವನ್ನು ನಡೆಸಿದವರ ಧೈರ್ಯಕ್ಕೆ ಏನೆನ್ನಬೇಕು!

ಕಾನೂನಿನ ಮಾತನ್ನೂ ಹೇಳಿಬಿಡಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮದಂತೆ ಮೋಟಾರಿನ ಗಾಜು ಸುರಕ್ಷಾಗಾಜೇ ಆಗಿರಬೇಕು. ಮುಂಗಾಜಿನ ಮೂಲಕ ಕನಿಷ್ಠ ಶೇಕಡಾ 70ರಷ್ಟು ಬೆಳಕು ಹಾಯಬೇಕು. ಆ ನಿಯಮಗಳು ಜಾರಿಗೆ ಬಂದು ಮೂರು ವರ್ಷಗಳಾದ ಮೇಲೆ ತಯಾರಾದ ವಾಹನಗಳಿಗೆ ಮುಂಗಾಜು ಪದರಗಾಜೇ ಆಗಿರಬೇಕೆಂದು ಕಡ್ಡಾಯ. ಅಂದರೆ ಅದಕ್ಕೆ ಹಿಂದಿನ ಲಾರಿಗೆ ಹದಗಾಜೂ ನಡೆಯುತ್ತದೆ. ಕಾನೂನು ಬಿಟ್ಟುಕೊಟ್ಟಲ್ಲಿ ಮಾಲೀಕನೂ ಬಿಟ್ಟುಕೊಡಬೇಕೆಂದಿಲ್ಲ. ಚಪ್ಪಟೆ ಗಾಜಿನವರಿಗಂತೂ ಯಾವ ನೆಪವೂ ಇಲ್ಲ.

2021ರ ಜುಲೈನಲ್ಲಿ ಸರಕಾರವು 50 ವರ್ಷ ದಾಟಿದ ವಾಹನಗಳನ್ನು 'ವಿಂಟೇಜ್' ಎಂದು ಗುರುತಿಸಿ ಪ್ರತ್ಯೇಕ ನೋಂದಣಿಯ ವ್ಯವಸ್ಥೆ ಮಾಡಿತು. ಒಳ್ಳೆಯ ಕೆಲಸವೇ. ಆದರೆ ಅದು ಬೈಕು, ಸ್ಕೂಟರು, ಕಾರುಗಳಿಗೆ. ಸರಕು ಹೊರುವ ಲಾರಿಗೆ ಅಲ್ಲಿ ಸ್ಥಾನವಿಲ್ಲ. ಸಾವಕಾರರ ಕಾರಿಗೆ ಪರಂಪರೆಯ ಪಟ್ಟ, ಅವರ ಮನೆ ಕಟ್ಟಲು ಹೆಂಚು ಹೊತ್ತ ಲಾರಿಗೆ ಗುಜರಿಯ ದಾರಿ! ಇದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಹಳೆಯ ಲಾರಿ ವರ್ಷವರ್ಷವೂ ಅರ್ಹತಾಪತ್ರದ ಪರೀಕ್ಷೆಗೆ ನಿಲ್ಲಬೇಕು. 15 ವರ್ಷ ದಾಟಿದ ಭಾರಿ ವಾಹನಗಳಿಗೆ ಅದರ ಶುಲ್ಕವೂ 2022ರ ಏಪ್ರಿಲಿನಿಂದ ಬಹುವಾಗಿ ಏರಿದೆ. ಸಹೋದ್ಯೋಗಿಗಳ ಲೆಕ್ಕದಲ್ಲಿ ಈ ಸಲ ಬಡಗಿ, ತಗಡು, ರಬ್ಬರು, ಗಾಜು ಎಲ್ಲ ಸೇರಿ ಆದ ಖರ್ಚು ತಮ್ಮನ ಕೆಲವು ವಾರಗಳ ಬಾಡಿಗೆಯನ್ನು ನುಂಗಿತು.

ಎಡಗಡೆಯ ಗಾಜನ್ನೂ ಬದಲಿಸಬೇಕೆ ಎಂಬ ಚರ್ಚೆ ಆ ಸಂಜೆ ನಡೆಯಿತು. ಅಂಚಿನಲ್ಲಿ ಹಳದಿಗಟ್ಟಿದ, ಒರೆಸುಗೋಲು ಗೀಚಿದ ಹಳೆಯ ಗಾಜು ಅದು. ತಂದೆಯವರು ಒಳಗಡೆ ಅಂಟಿಸಿದ್ದ ಸವದತ್ತಿ ಎಲ್ಲಮ್ಮನ ಚಿತ್ರ ಅದರ ಮೇಲಿದೆ. ತಮ್ಮನಿಗೆ ಅದನ್ನು ಮುಟ್ಟಲು ಮನಸ್ಸಿಲ್ಲ. ಉಸ್ತಾದರು ಬೆರಳಿನ ಗೆಣ್ಣಿನಿಂದ ಅದನ್ನು ತಟ್ಟಿ ನೋಡಿ, ಮೂಲೆಯಲ್ಲಿ ಗುರುತು ಹುಡುಕಿ, ರಟ್ಟಿನ ಎರಡನೆಯ ಮಾದರಿಯನ್ನು ಕೊಯ್ದು ಲಾರಿಯ ಸೀಟಿನ ಹಿಂದೆ ಇಟ್ಟರು. "ಖಂಡೇ ಪೂಜಿಯೊಳಗ ಹಾಕೋಣು. ಅಲ್ಲೀತನಾ ಆ ಕಡೆ ಯಾರ್ನೂ ಕುಂಡ್ರಸಬ್ಯಾಡ" ಎಂದರು.